ಏಸಿ ಸರ್ವಿಸಿನವನು ಬರುವ ಮುಂಚೆ

ಪಾಸಿರ್ ಪಂಜಾಂಗಿನ ಹಡಗು ಕಚೇರಿಯಲ್ಲಿ ಗುಂಡಪ್ಪನಿಗೆ ರಾತ್ರಿ ಪಾಳಿ. ಹಡಗಿನಲ್ಲಿ ಯಾವ ಕಂಟೇನರ್ ಎಲ್ಲಿ ಕೂರಬೇಕು, ಯಾವುದರ ಮೇಲೆ ಯಾವುದು ಬರಬೇಕು ಎಂದು ಕಂಪ್ಯೂಟರಿನಲ್ಲಿ ಜೋಡಿಸುವುದು ಅವನ ಕೆಲಸ. ಊರಿಗೆಲ್ಲ ಬೆಳಗಾದಾಗ ಅವನು ಬಸ್ಸು ಹತ್ತಿ ಆಂಗ್ ಮೋ ಕಿಯೋದ ಫ್ಲ್ಯಾಟಿಗೆ ಬಂದು, ತಿಂಡಿ ತಿಂದು, ಪರದೆ ಎಳೆದು ಮಲಗಬೇಕು. ಮಂಡ್ಯದಿಂದ ಈ ಪರದೇಶಕ್ಕೆ ಬಂದಾಗಿನಿಂದ ಇದೇ ಪಾಠ. ಬೇರೆಯವರಿಗೆ ನಿದ್ದೆ ಸುಖ, ಗುಂಡಪ್ಪನಿಗೆ ಅದು ಬಂಡವಾಳ.

ಈಚೆಗೆ ಆ ಬಂಡವಾಳ ಸೋರಿಹೋಗುತ್ತಿತ್ತು. ಪಡುವಣಕ್ಕೆ ಮುಖ ಮಾಡಿದ ಕೋಣೆ, ಏಸಿ ಇಲ್ಲದೆ ಮಧ್ಯಾಹ್ನ ಮಲಗುವುದೆಂದರೆ ಇಡ್ಲಿ ಪಾತ್ರೆಯಲ್ಲಿ ಮಲಗಿದಂತೆ. ಏಸಿ ಹಾಕಿದರೆ ಅದು ನೇರವಾಗಿ ಅವನ ದಿಂಬಿನ ಮೇಲೆ ತೊಟ್ಟಿಕ್ಕುತ್ತಿತ್ತು. ಮಂಚ ಸರಿಸೋಣವೆಂದರೆ ಗೋಡೆಗೆ ಬಡಿದ ಬೀರು ಅಡ್ಡ. ಮಗಳು ಧೃತಿಯ ಕೋಣೆಗೆ ಹೋಗೋಣವೆಂದರೆ ಅವಳು ಮನೆಯಿಂದಲೇ ಕೆಲಸ ಮಾಡುವವಳು, ದಿನವಿಡೀ ಯಾರದೋ ಜೊತೆ ಮೀಟಿಂಗು. ತಲೆಯ ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡು ಮಲಗಿದರೆ ಪ್ರತಿ ಹನಿಯೂ 'ಟಣ್' ಎಂದು ಹೆಸರು ಹಿಡಿದು ಕರೆಯುತ್ತಿತ್ತು.

ಹೋದ ತಿಂಗಳು ಪಾಳಿಯಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಭಾರದ ಡಬ್ಬಿಯನ್ನು ಹಗುರದ್ದರ ಮೇಲೆ ಕೂರಿಸಿಬಿಟ್ಟಿದ್ದ. ಪಕ್ಕದ ಅನಂತರಾಮ್ ನೋಡಿದ್ದರಿಂದ ಬಚಾವು. ಮೇಲಧಿಕಾರಿ ಮಾತ್ರ ನಗುನಗುತ್ತಲೇ ಹೇಳಿದ್ದರು, ಇನ್ನೊಮ್ಮೆ ಹೀಗಾದರೆ ಹಡಗು ಜೋಡಿಸುವ ಕೆಲಸ ಬೇರೆಯವರಿಗೆ ಎಂದು. ಅವರು ನಗುವಾಗಲೇ ಗುಂಡಪ್ಪನಿಗೆ ಹೆಚ್ಚು ಭಯ.

ಏಸಿಗೆ ಸರ್ವಿಸ್ ಇಲ್ಲದೆ ಇರಲಿಲ್ಲ. ವರ್ಷದ ಒಪ್ಪಂದ, ಆಗಾಗ ಲಿಮ್ ಎಂಬಾತ ಏಣಿ, ಪಂಪು ಹೊತ್ತು ಬರುತ್ತಿದ್ದ. ಬಂದ ದಿನ ಮಾತ್ರ ಆ ಏಸಿ ಹೆಣ್ಣು ನೋಡಲು ಬಂದವರ ಮುಂದೆ ಕೂತ ಹುಡುಗಿಯಷ್ಟು ಸಭ್ಯವಾಗಿರುತ್ತಿತ್ತು. ಒಂದು ಹನಿ ಬೀಳುತ್ತಿರಲಿಲ್ಲ. ಲಿಮ್ ಏಸಿಯೊಳಗೆ ಹನಿ ಸೇರುವ ತಟ್ಟೆಗೆ ನೀರು ಹೊಯ್ದು ನೋಡುತ್ತಿದ್ದ, ನೀರು ಸರಾಗವಾಗಿ ಪೈಪಿನಲ್ಲಿ ಇಳಿದುಹೋಗುತ್ತಿತ್ತು.

"ನೋ ಲೀಕ್ ಲಾ, ಅಂಕಲ್" ಎನ್ನುತ್ತಿದ್ದ, ಆ ಊರಿನವರ 'ಲಾ' ಸೇರಿಸಿ.

"ನಿನ್ನೆ ಸೋರ್ತಿತ್ತಪ್ಪಾ! ವಿಡಿಯೋ ಇದೆ ನೋಡು."

ಲಿಮ್ ವಿಡಿಯೋ ನೋಡುತ್ತಿದ್ದ, ಒಣಗಿದ ಏಸಿ ನೋಡುತ್ತಿದ್ದ, ಆಮೇಲೆ ಗುಂಡಪ್ಪನ ಕೆಂಪು ಕಣ್ಣು ನೋಡುತ್ತಿದ್ದ. "ಅಂಕಲ್, ಯು ಮಸ್ಟ್ ಸ್ಲೀಪ್ ಮೋರ್" ಎಂದು ಹೇಳಿ ಗುಂಡಪ್ಪನ ಹೆಂಡತಿ ಜಲಜಾ ಕೊಟ್ಟ ಕಾಫಿ ಕುಡಿದು ಹೋಗುತ್ತಿದ್ದ. ಅವನು ಹೋದ ನಾಲ್ಕಾರು ದಿನಕ್ಕೆ ಮತ್ತೆ ಟಣ್. ಗುಂಡಪ್ಪ ಸರ್ವಿಸ್ ಕಂಪನಿಗೆ ಫೋನು ಮಾಡಿ ಮಾಡಿ, ಅಲ್ಲಿಯ ಹುಡುಗಿ ಅವನ ದನಿ ಕೇಳಿದರೆ ಸಾಕು, "ಸೇಮ್ ಪ್ರಾಬ್ಲಂ, ಅಂಕಲ್?" ಎನ್ನುವಷ್ಟು ಸಲಿಗೆ ಬೆಳೆದಿತ್ತು.

ಒಂದು ದಿನ ಹಡಗು ತಡವೆಂದು ಗುಂಡಪ್ಪನನ್ನು ಬೇಗ ಬಿಟ್ಟರು. ಅಂದೇ ಲಿಮ್ ಬರುವ ದಿನ. ಮನೆಗೆ ಬಂದು ಕೋಣೆಯ ಬಾಗಿಲು ತೆಗೆದರೆ ಹೆಂಡತಿ ಸ್ಟೂಲಿನ ಮೇಲೆ ನಿಂತಿದ್ದಾಳೆ. ಏಸಿಯ ಮುಚ್ಚಳ ಬಿಚ್ಚಿದೆ. ಫಿಲ್ಟರ್ ಬಾತ್ರೂಮಿನಲ್ಲಿ ಸೋಪಿನ ನೊರೆಯಲ್ಲಿ ಮಿಂದಿದೆ. ಒಂದು ಕೈಯಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷು, ಇನ್ನೊಂದರಲ್ಲಿ ಬಿಸಿನೀರು, ವಿನೆಗರ್ ಬೆರೆಸಿದ ಚೊಂಬು. ತಟ್ಟೆಗೆ ಹೊಯ್ಯುತ್ತಿದ್ದಾಳೆ.

"ಏನೇ ಮಾಡ್ತಿದೀಯಾ?"

"ಕಾಣಲ್ವಾ? ಆ ಲಿಮ್ ಬರ್ತಾನಲ್ಲ, ಒಂಚೂರು ಕ್ಲೀನ್ ಮಾಡ್ತಿದೀನಿ."

"ಕ್ಲೀನ್ ಮಾಡೋಕೇ ಅಲ್ವಾ ಅವನು ಬರೋದು!"

"ಅದಕ್ಕೇ ಅಂತ ಗಲೀಜು ತೋರಿಸೋಕಾಗತ್ತಾ? ಬಂದವನು ಈ ಮನೇಲಿ ಹೆಂಗಸರಿಲ್ವಾ ಅಂದ್ಕೋತಾನೆ."

"ಪ್ರತಿ ಸಲಾನೂ ಹೀಗೇ ಮಾಡ್ತೀಯಾ?"

"ಮತ್ತೆ? ನೀವು ಮಾಡ್ತೀರಾ?"

ಗುಂಡಪ್ಪ ಮಂಚದ ಮೇಲೆ ಕುಸಿದ. ಸಾವಿರಾರು ಡಬ್ಬಿಗಳಲ್ಲಿ ಯಾವುದು ಎಲ್ಲಿದೆಯೆಂದು ಹೇಳಬಲ್ಲವನಿಗೆ ತನ್ನ ತಲೆಯ ಮೇಲೆ ಏನು ನಡೆಯುತ್ತಿದೆ ಎಂದು ಇಷ್ಟು ಕಾಲ ತಿಳಿದಿರಲಿಲ್ಲ.

"ಡಾಕ್ಟರ್ ಹತ್ರ ಹೋಗೋ ಮುಂಚೆ ಕೆಮ್ಮು ನಿಲ್ಲಿಸ್ಕೊಂಡು ಹೋಗ್ತಾರೇನೇ? ನೀನು ಬಿಸಿನೀರು ಹುಯ್ದರೆ ಪೈಪಲ್ಲಿ ಕಟ್ಟಿಕೊಂಡಿರೋದು ಆ ಹೊತ್ತಿಗೆ ಬಿಡತ್ತೆ. ಅವನು ಬಂದಾಗ ಕಾಯಿಲೆ ಇರೋದೇ ಇಲ್ಲ!"

"ಅಮ್ಮಾ, ಪಪ್ಪ ಈಸ್ ರೈಟ್ ಲಾ" ಎಂದಳು ಧೃತಿ, ಪಕ್ಕದ ಕೋಣೆಯಿಂದ, ಮೀಟಿಂಗ್ ಮ್ಯೂಟ್ ಮಾಡಿ.

"ನೀನು ಸುಮ್ನಿರು. ನಿನ್ನ ರೂಮ್ ನೋಡಿದ್ರೆ ಅವನು ಓಡಿಹೋಗ್ತಾನೆ."

ಅಂದಿನ ಭೇಟಿ ರದ್ದಾಯಿತು. ಮುಂದಿನ ವಾರಕ್ಕೆ ಹೊಸ ದಿನ. ಅಲ್ಲಿಯವರೆಗೆ ಏಸಿ ಮುಟ್ಟಕೂಡದೆಂದು ಗುಂಡಪ್ಪ ಅಪ್ಪಣೆ ಮಾಡಿದ. ಜಲಜಾ ಮುಟ್ಟಲಿಲ್ಲ, ಆದರೆ ಆ ವಾರವೆಲ್ಲ ಮನೆಯಲ್ಲಿ ಯಾರೋ ಪಥ್ಯದಲ್ಲಿದ್ದಂತಿತ್ತು. ಕೋಣೆಯ ಬಾಗಿಲು ಹಾಕಿಯೇ ಇಡುತ್ತಿದ್ದಳು. ಹನಿ ಧಾರೆಯಾಯಿತು. ಗುಂಡಪ್ಪ ಟವೆಲ್ ಸುತ್ತಿಕೊಂಡು ಮಂಚದ ಅಂಚಿನಲ್ಲಿ ಮಲಗಿ, ಕಚೇರಿಯಲ್ಲಿ ಕಣ್ಣಿಗೆ ನೀರು ಎರಚಿಕೊಂಡು, ಒಂದೊಂದು ಡಬ್ಬಿಯನ್ನೂ ಅನಂತರಾಮನಿಂದ ಮತ್ತೊಮ್ಮೆ ನೋಡಿಸಿ ಪಾಳಿ ಮುಗಿಸಿದ.

ಲಿಮ್ ಬಂದ. ಈ ಸಲ ಏಸಿ ಅವನ ಕಣ್ಣೆದುರೇ ಸೋರಿತು. ಗುಂಡಪ್ಪನಿಗೆ ಕುಣಿದಾಡುವಷ್ಟು ಸಂತೋಷ. ಲಿಮ್ ಮುಚ್ಚಳ ತೆಗೆದ, ತಟ್ಟೆಯಲ್ಲಿದ್ದ ಲೋಳೆಯನ್ನು ಬೆರಳಿನಿಂದ ಎತ್ತಿದ.

"ವಾ, ಅಂಕಲ್! ವೆರಿ ಡರ್ಟಿ ಲಾ! ಹೌ ಲಾಂಗ್ ನೆವರ್ ಕ್ಲೀನ್?"

ಬಾಗಿಲ ಬಳಿ ಕಾಫಿ ಹಿಡಿದು ನಿಂತಿದ್ದ ಜಲಜಾ ಲೋಟದ ಸಮೇತ ಅಡುಗೆಮನೆಗೆ ವಾಪಸಾದಳು.

ಬೀರುವಿನ ಮೇಲೆ ಪೈಪು ಮುಚ್ಚಿದ್ದ ಪ್ಲಾಸ್ಟಿಕ್ ಕವಚ ಬಿಚ್ಚಿ ನೋಡಿದರೆ ಪೈಪು ಒಂದೆಡೆ ಜೋತುಬಿದ್ದಿತ್ತು. ಆ ತಗ್ಗಿನಲ್ಲಿ ನೀರು ನಿಂತು ಲೋಳೆ ಕಟ್ಟುತ್ತಿತ್ತು. ಲಿಮ್ ಹಳೆಯದನ್ನು ಕತ್ತರಿಸಿ ಹೊಸ ಪೈಪು ಇಳಿಜಾರಾಗಿ ಹಾಕಿದ, ಏಸಿಯನ್ನು ಪೂರ್ತಿ ತೊಳೆದ, ಕಾಫಿಗಾಗಿ ಅತ್ತಿತ್ತ ನೋಡಿದ, ಬರದ್ದರಿಂದ ಹೊರಟ.

ಕೋಣೆ ತಣ್ಣಗಾಯಿತು. ದಿಂಬು ಒಣಗಿತ್ತು. ಗುಂಡಪ್ಪ ಕಾಲು ಚಾಚಿ ಕಣ್ಣು ಮುಚ್ಚಿದ.

"ಮಲಗಿದ್ರಾ?"

"ಹೂಂ."

"ಅವನು ಏನಂದ ಕೇಳಿದ್ರಾ?"

"ಪೈಪಿನ ತಪ್ಪು ಕಣೇ. ನಿನ್ನದೇನಿಲ್ಲ."

"ಅದನ್ನ ನೀವು ಹೇಳಿದ್ರೆ ಏನು ಬಂತು? ಅವನು ಹೇಳಲಿ. ಫೋನ್ ಹಾಕಿ."

ನಿದ್ದೆಯ ಆಸೆಗೆ ಗುಂಡಪ್ಪ ಫೋನು ಹಾಕಿದ. ಸ್ಪೀಕರಿನಲ್ಲಿ ಲಿಮ್ ಸಿಕ್ಕಿದ. ಆಂಟಿ ಬೇಜಾರು ಮಾಡಿಕೊಂಡಿದ್ದಾಳೆ, ಕೊಳೆಯಿಂದ ಅಲ್ಲ ಪೈಪಿನಿಂದ ಅಂತ ಒಂದು ಮಾತು ಹೇಳಪ್ಪ ಎಂದು ಇಂಗ್ಲಿಷಿನಲ್ಲಿ ಬೇಡಿಕೊಂಡ.

"ಯಾ ಯಾ, ಪೈಪ್ ಪ್ರಾಬ್ಲಂ" ಎಂದ ಲಿಮ್ ಧಾರಾಳವಾಗಿ. ಆಮೇಲೆ ಪ್ರಾಮಾಣಿಕ ಮನುಷ್ಯನಾದ್ದರಿಂದ ಸೇರಿಸಿದ, "ಬಟ್ ಆಲ್ಸೋ ವೆರಿ ಡರ್ಟಿ ಲಾ. ಕಬೋರ್ಡ್ ಟಾಪ್ ಡಸ್ಟ್, ವಾ, ಸೋ ಥಿಕ್!"

ಜಲಜಾ ಹೊರಗೆ ಹೋಗಿ ಸ್ಟೂಲು, ಬಕೆಟ್, ಎರಡು ಬಟ್ಟೆ ತಂದಳು. ಸೆರಗು ಸಿಕ್ಕಿಸಿಕೊಂಡು ಬೀರುವಿನ ಪಕ್ಕ ಸ್ಟೂಲು ಹಾಕಿದಳು.

"ಏಳಿ."

"ನಾಳೆ ಮಾಡಬಹುದಲ್ವೇನೇ? ರಾತ್ರಿ ಪಾಳಿ ಇದೆ ನಂಗೆ."

"ಧೂಳು ನಿಮ್ಮ ಮೇಲೆ ಬೀಳತ್ತೆ. ಏಳೀಂದ್ರೆ."

ಗುಂಡಪ್ಪ ಒಣಗಿದ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಹಾಲಿಗೆ ಬಂದು ಸೋಫಾದ ಮೇಲೆ ಮುದುಡಿಕೊಂಡ. ಫ್ಯಾನು ಬಿಸಿ ಗಾಳಿಯನ್ನು ಮುಖದ ಮೇಲೆ ಸುರಿಯುತ್ತಿತ್ತು. ಬಾಗಿಲ ಸಂದಿಯಿಂದ ಪಾದಕ್ಕೆ ಮಾತ್ರ ತಣ್ಣನೆಯ ಗಾಳಿ ತಾಗುತ್ತಿತ್ತು.

"ರೀ," ಎಂದಳು ಜಲಜಾ ಒಳಗಿಂದ, "ಏಸಿ ಈಗ ಚೆನ್ನಾಗಿ ಬರ್ತಿದೆ. ಒಂಚೂರೂ ಬೆವರಲಿಲ್ಲ ನಂಗೆ."