ಬನ್ನಿ ಕೊಡಲು ಬಂದವಳು

ಮಸ್ಕಿಯಲ್ಲಿ ರವಿಕೆ ಹೊಲಿಯುವ ಭಾಗ್ಯಶ್ರೀಗೆ ಗೆಳತಿ ಶಿವಕುಮಾರಿ ಸಾಲಗುಂದಕ್ಕೆ ಸೊಸೆಯಾಗಿ ಹೋದ ಮೇಲೆ ದಿನಾ ಸಿಗುತ್ತಿದ್ದದ್ದು ಮೊಬೈಲಿನ ಆಟದಲ್ಲಿ ಮಾತ್ರ. ಇಬ್ಬರೂ ಅಲ್ಲಿ ಹೊಳೆ ಪಡೆಯವರು. ದಸರೆಯ ಸಂಜೆ ಆಟದೊಳಗಿನ ದೊಡ್ಡ ಮರದಡಿ ನಿಂತು, ಎಲೆ ಕಿತ್ತು ಒಬ್ಬರಿಗೊಬ್ಬರು ಬನ್ನಿ ಕೊಡುತ್ತಿದ್ದರು. ಆಟ ಮಾಡಿದ ಪುಣ್ಯಾತ್ಮರಿಗೆ ಈ ಪದ್ಧತಿಯ ಗಂಧಗಾಳಿಯೂ ಇದ್ದಿರಲಾರದು.

ಈ ವರ್ಷ ಭಾಗ್ಯಶ್ರೀ ಗೆಳತಿಗೂ ಹೇಳದೆ ಎದುರಿನ ಬೆಂಕಿ ಪಡೆಗೆ ಹಾರಿದಳು. ಆ ಪಡೆಯವರಿಗಷ್ಟೇ ಸಿಗುವ ಕತ್ತಿಯ ಮೇಲೆ ಅವಳ ಕಣ್ಣಿತ್ತು. ಎದುರು ಪಡೆಯವರು ಹತ್ತಿರ ಬಂದರೆ ಸಾಕು, ಅದು ತಾನಾಗಿಯೇ ಎರಗುತ್ತಿತ್ತು.

ದಸರೆಯ ಸಂಜೆ, ಗೆಳತಿಯೂ ನೋಡಲಿ ಎಂದು ಕತ್ತಿ ಸಿಕ್ಕಿಸಿಕೊಂಡೇ ಮರದ ಬಳಿ ಹೋದಳು. ಅದರ ಗುಣ ಆ ಹುರುಪಿನಲ್ಲಿ ಮರೆತೇ ಹೋಗಿತ್ತು. ಬರಿಗೈಲಿ ಕಾಯುತ್ತಿದ್ದ ಶಿವಕುಮಾರಿ ಓಡಿ ಬಂದಳು. ಇವಳು ಹಿಂದೆ ಸರಿಯುವಷ್ಟರಲ್ಲಿ ಕತ್ತಿ ತನ್ನ ಕೆಲಸ ಮುಗಿಸಿತ್ತು.

ಭಾಗ್ಯಶ್ರೀ ಕೂಡಲೇ ಫೋನ್ ಮಾಡಿದಳು. "ನಾ ಹೊಡೀಲಿಲ್ಲ ಬೇ, ಆ ಕತ್ತಿನೇ ಹಂಗೈತಿ."

"ಗೊತ್ತೈತಿ ಬಿಡು," ಎಂದಳು ಶಿವಕುಮಾರಿ. "ನೀ ಆ ಕಡಿ ಹೋಗಿದ್ದೂ ಗೊತ್ತಿತ್ತು. ಬನ್ನಿ ದಿನ ಆದ್ರೂ ಕತ್ತಿ ಬಿಟ್ಟು ಬರ್ತೀ ಅಂತ ಮಾಡಿದ್ದೆ."