ಅತ್ತೆಯ ಕೋಳಿ ಎಣಿಕೆ

ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. ಮುಂಬಯಿಯ ಒಂದು ಕನ್ನಡ ಶಾಲೆಯಲ್ಲಿ ಲೆಕ್ಕ ಕಲಿಸುತ್ತೇನೆ. ಲೋಕಲ್ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಗೆಳತಿಯರು ದೆವ್ವ, ಗಾಳಿ ಎಂದು ಶುರುಮಾಡಿದರೆ, ‘ರಾತ್ರಿ ಊಟ ಸ್ವಲ್ಪ ಕಡಿಮೆ ಮಾಡಿ’ ಎಂದು ಬಾಯಿ ಮುಚ್ಚಿಸುತ್ತಿದ್ದವಳು ನಾನು. ಈಗ ಹೇಳಹೊರಟಿರುವುದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನಮ್ಮ ಮನೆ ಮುಲುಂಡಿನಲ್ಲಿ, ಗುಡ್ಡದ ಬುಡದ ಚಾಳಿನ ಕೊನೆಯ ಖೋಲಿ. ಹಿತ್ತಲೆಂದರೆ ನಾಲ್ಕು ಹೆಜ್ಜೆ ಜಾಗ, ಅದರಾಚೆ ಗೋಡೆ, ಗೋಡೆಯಾಚೆ ಕಾಡು. ಮನೆಯಲ್ಲಿ ನಾನು ಮತ್ತು ನನ್ನ ಅತ್ತೆ ಇಬ್ಬರೇ. ನನ್ನ ಗಂಡ ತೀರಿಕೊಂಡ ಮೇಲೆ ನಮ್ಮಿಬ್ಬರ ನಡುವೆ ಮಾತು ನಿಂತೇ ಹೋಗಿತ್ತು. ಜಗಳವೇನಲ್ಲ, ಆಡುವುದಕ್ಕೆ ಏನೂ ಉಳಿದಿರಲಿಲ್ಲ. ಆಗ ಒಂದು ದಿನ ಅತ್ತೆ ಸ್ಟೇಷನ್ ಹತ್ತಿರ ಬಣ್ಣ ಹಚ್ಚಿ ಮಾರುವ ಕೋಳಿಮರಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ಗುಲಾಬಿ, ಹಸಿರು, ಕಿತ್ತಳೆ. ಇವು ನಾಲ್ಕು ದಿನ ಬದುಕುವುದಿಲ್ಲ ಎಂದೆ. ಬಣ್ಣ ಹೋಯಿತು, ಐದು ಬದುಕಿದವು. ಗಂಡನ ಹಳೆಯ ಮರದ ಕಪಾಟನ್ನು ಹಿತ್ತಲಲ್ಲಿ ಅಡ್ಡ ಮಲಗಿಸಿ, ಜಾಲರಿ ಬಡಿದು ಗೂಡು ಮಾಡಿದೆವು. ಆ ಕೋಳಿಗಳನ್ನು ಬೈಯುತ್ತ ಬೈಯುತ್ತಲೇ ಅತ್ತೆ ಸೊಸೆ ಮತ್ತೆ ಮಾತಾಡತೊಡಗಿದೆವು.

ಅತ್ತೆಗೆ ಕಣ್ಣು ಮಂಜು. ದಿನಾ ಸಂಜೆ ಗೂಡಿನೊಳಗೆ ಕೈ ಹಾಕಿ, ಒಂದೊಂದರ ಬೆನ್ನು ಮುಟ್ಟಿ ಎಣಿಸುತ್ತಿದ್ದರು. ‘ಒಂದ, ಎರಡ, ಮೂರ, ನಾಕ, ಐದ, ಆರ.’ ಇದ್ದದ್ದು ಐದೇ. ನಮ್ಮ ವಿಜಯಪುರದ ಕಡೆ ದನ, ಮಕ್ಕಳನ್ನು ಇದ್ದಷ್ಟೇ ಎಣಿಸಿ ಹೇಳುವುದಿಲ್ಲ, ದೃಷ್ಟಿಯಾಗುತ್ತದೆ ಎನ್ನುತ್ತಾರೆ. ನನ್ನ ತವರಿನ ಅಜ್ಜಿಯೂ ಹಾಗೇ ಮಾಡುತ್ತಿದ್ದಳು. ಇದೂ ಅದೇ ಇರಬೇಕೆಂದು, ‘ಅತ್ತಿ, ನನ್ನ ಕ್ಲಾಸಿನಾಗ ಇದ್ದಿದ್ರ ನೀವು ಫೇಲ್ ಆಗತಿದ್ರಿ ನೋಡ್ರಿ’ ಎಂದು ಕಾಡಿಸುತ್ತಿದ್ದೆ. ಅವರು ನಕ್ಕು ಚಿಲಕ ಹಾಕುತ್ತಿದ್ದರು.

ಒಂದು ಮಳೆಗಾಲ ಅತ್ತೆ ಬಚ್ಚಲ ಮೋರಿಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಗೆ ಸೇರಿಸಿದೆ. ರಕ್ತ ಕಡಿಮೆ ಇದೆ, ಹೊಟ್ಟೆಗೆ ತಿಂದು ಸ್ವಲ್ಪ ಚೇತರಿಸಿಕೊಳ್ಳದೆ ಆಪರೇಷನ್ ಮಾಡಲಾಗದು ಎಂದರು ಡಾಕ್ಟರು. ಅತ್ತೆ ತುತ್ತು ಮುಟ್ಟಲೊಲ್ಲರು. ಮಗ ಹೋದ ಮೇಲೆ ನಾನ್ಯಾಕೆ ಎದ್ದು ಓಡಾಡಬೇಕು ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಅವರು ಕೇಳುತ್ತಿದ್ದದ್ದು ಒಂದೇ ಮಾತು.

‘ಕೋಳಿ ಎಷ್ಟ ಅದಾವ?’

ಮೊದಲ ದಿನ ‘ಐದ ಅದಾವ್ರಿ’ ಎಂದೆ. ನಾನು ಬಾಯಿಗೆ ಹಿಡಿದ ಗಂಜಿಯನ್ನು ಕೈಯಿಂದ ದೂಡಿದರು. ‘ಇನ್ನೊಂದ ಎಲ್ಲಿ ಹೋತು?’ ನಾನು ಗಡಬಡಿಸಿ, ‘ಆರ್ರೀ, ಆರು’ ಎಂದೆ. ಆಮೇಲೆ ಬಟ್ಟಲು ಖಾಲಿ ಮಾಡಿದರು.

ಆ ದಿನವೇ ಮನೆಗೆ ಬರುವಷ್ಟರಲ್ಲಿ ಮುಸ್ಸಂಜೆಯಾಗಿತ್ತು. ಹಿತ್ತಲ ತುಂಬ ಬಿಳಿ ಪುಕ್ಕ, ಎರಡು ಕೋಳಿ ಇಲ್ಲ. ಪಕ್ಕದ ಖೋಲಿಯ ಮರಾಠಿ ಹೆಂಗಸು, ‘ಜಂಗಲಿ ಬಿಲ್ಲಾ ಹೈ ಟೀಚರ್, ಮೈನೆ ದೇಖಾ, ಇತ್ನಾ ಬಡಾ’ ಎಂದು ಎರಡೂ ಕೈ ಚಾಚಿ ತೋರಿಸಿದಳು. ಕಾಡುಬೆಕ್ಕು. ಮರುದಿನದಿಂದ ಉಳಿದವನ್ನು ಗೂಡಿನಿಂದ ಹೊರಗೇ ಬಿಡಲಿಲ್ಲ. ಆದರೂ ಜಾಲರಿಯ ಒಂದು ಮೂಲೆ ಕಿತ್ತು ಇನ್ನೆರಡನ್ನು ಎಳೆದೊಯ್ಯಿತು. ತಂತಿ ಬಿಗಿದೆ, ಕಲ್ಲು ಒಟ್ಟಿದೆ, ಖಾರದ ಪುಡಿ ಚೆಲ್ಲಿದೆ. ಉಳಿದದ್ದು ಒಂದು ಕುಂಟು ಹೇಂಟೆ. ಆಸ್ಪತ್ರೆಯಲ್ಲಿ ಮಾತ್ರ ದಿನಾ ‘ಆರು ಅದಾವ್ರಿ’ ಎನ್ನುತ್ತಿದ್ದೆ, ಅತ್ತೆ ಉಣ್ಣುತ್ತಿದ್ದರು. ಆಸ್ಪತ್ರೆಯ ಬಚ್ಚಲಿಗೆ ಹೋಗಿ, ಸದ್ದು ಕೇಳಬಾರದೆಂದು ನಲ್ಲಿ ಬಿಟ್ಟು ಅತ್ತದ್ದೂ ಉಂಟು. ಈ ಒಂದೂ ಹೋದರೆ ನನ್ನ ಮುಖ ನೋಡಿಯೇ ಅತ್ತೆಗೆ ತಿಳಿದುಬಿಡುತ್ತದೆ ಎಂಬ ಭಯ ನನ್ನನ್ನು ತಿನ್ನುತ್ತಿತ್ತು.

ಆಪರೇಷನ್ನಿನ ಹಿಂದಿನ ಸಂಜೆ. ಮನೆಗೆ ಬಂದವಳೇ ಬಟ್ಟೆ ಬಡಿಯುವ ಕೋಲು ಹಿಡಿದು ಗೂಡಿಗೆ ಬೆನ್ನು ಕೊಟ್ಟು ಕೂತೆ. ಜಿಟಿಜಿಟಿ ಮಳೆ. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ, ಅಷ್ಟರಲ್ಲಿ ಕರೆಂಟು ಹೋಯಿತು. ಗೂಡಿನ ಹಿಂಬದಿಯಲ್ಲಿ ಹಲಗೆ ಕೆರೆಯುವ ಸದ್ದು. ಕೋಲಿನಿಂದ ಬಡಿದೆ, ನಿಲ್ಲಲಿಲ್ಲ. ಗೂಡಿಗೂ ಗೋಡೆಗೂ ನಡುವೆ ಬೆಕ್ಕು ತೂರುವಷ್ಟೇ ಸಂದಿ, ಅತ್ತ ಹೋಗಲು ನನಗೆ ದಾರಿಯಿಲ್ಲ. ಹಲಗೆ ಸೀಳುವ ಸದ್ದು ಕೇಳಿತು. ನಾನು ಅಳುತ್ತಲೇ ಚಿಲಕ ತೆಗೆದು, ಹೇಂಟೆಯನ್ನು ಎತ್ತಿಕೊಳ್ಳಲು ಒಳಗೆ ಕೈ ಹಾಕಿದೆ.

ಹೇಂಟೆ ಸಿಕ್ಕಿತು. ಅದರ ಮೈಯೆಲ್ಲ ನಡುಕ. ಅದನ್ನು ಎಳೆದುಕೊಳ್ಳುವಾಗ ನನ್ನ ಮುಂಗೈ ಇನ್ನೊಂದು ಬೆನ್ನಿಗೆ ತಾಗಿತು. ಹಿಂದಿನ ಹಲಗೆಗೆ ಆತುಕೊಂಡು ಕೂತಿತ್ತು. ಪುಕ್ಕವೋ ಬಟ್ಟೆಯೋ ನಾನು ಹೇಳಲಾರೆ. ಬೆಚ್ಚಗಿತ್ತು. ನಡುಗುತ್ತಿರಲಿಲ್ಲ. ಉಸಿರಾಡಿದಾಗ ಮೇಲೇರಿ ಇಳಿಯಿತು, ನಿಧಾನವಾಗಿ, ನಿದ್ದೆಯಲ್ಲಿರುವವರ ಹಾಗೆ. ಕಾಡುಬೆಕ್ಕೇ ಒಳಗೆ ಬಂತೆಂದು ಕೈ ಕಿತ್ತುಕೊಳ್ಳಬೇಕಿತ್ತು. ಕೀಳಲಿಲ್ಲ. ಯಾಕೋ ಭಯವೇ ಆಗಲಿಲ್ಲ. ಕೆರೆಯುವ ಸದ್ದು ನಿಂತಿತು.

ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಕೊನೆಗೆ ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಮಡಿಲಲ್ಲಿ ಹೇಂಟೆ, ಗೂಡಿನೊಳಗೆ ಬರೀ ಹುಲ್ಲು. ಹಿಂದಿನ ಹಲಗೆ ಸೀಳಿತ್ತು, ಕೈ ತೂರುವಷ್ಟು. ಆ ಕಾಡುಬೆಕ್ಕು ಮತ್ತೆಂದೂ ಬರಲಿಲ್ಲ.

ಆಪರೇಷನ್ ಆಯಿತು. ತಿಂಗಳಾದ ಮೇಲೆ ಅತ್ತೆ ವಾಕರ್ ಹಿಡಿದು ಮನೆಗೆ ಬಂದರು. ಅವರ ಕಾಲು ಹಿಡಿದು, ಸುಳ್ಳು ಹೇಳಿದ್ದನ್ನೆಲ್ಲ ಒಪ್ಪಿಕೊಂಡೆ. ಬೈಯಲಿಲ್ಲ. ಸಂಜೆ ಗೂಡಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೈ ಹಾಕಿದರು. ‘ಒಂದ. ಎರಡ.’

ನನಗೆ ನಗು, ಅಳು ಒಟ್ಟಿಗೇ ಬಂತು. ‘ಈಗಾದ್ರೂ ಒಂದ ಹೆಚ್ಚಿಗಿ ಎಣಸೂದ ಬಿಡ್ರಿ ಅತ್ತಿ.’

‘ಹೆಚ್ಚಿಗಿ ಯಾಕ ಎಣಸ್ಲಿ ಯವ್ವಾ? ನನಗ ಕಣ್ಣ ಕಾಣಂಗಿಲ್ಲ. ಕೈಗೆ ಹತ್ತಿದಷ್ಟ ಹೇಳ್ತೀನಿ.’

ಅಷ್ಟರಲ್ಲಿ ಕುಂಟು ಹೇಂಟೆ ಹೊರಗೆ ಬಂದು ನನ್ನ ಕಾಲ ಬಳಿ ಜೋಳ ಹೆಕ್ಕುತ್ತಿತ್ತು. ಅತ್ತೆಯ ಕೈ ಮಾತ್ರ ಗೂಡಿನೊಳಗೇ ಇತ್ತು, ಏನನ್ನೋ ಸವರುತ್ತಿತ್ತು.

ಇದಾಗಿ ಕೆಲವು ವರ್ಷವಾಯಿತು. ಹೊಸ ಕೋಳಿಗಳು ಬಂದಿವೆ. ಗಾಬರಿಯಲ್ಲಿ ಏನೋ ಮುಟ್ಟಿದೆ, ಏನೋ ತಿಳಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ, ಸಮಾಧಾನವಾಗಿಲ್ಲ. ಇವತ್ತಿಗೂ ಎಣಿಸುವುದು ಅತ್ತೆಯೇ, ಇದ್ದದ್ದಕ್ಕಿಂತ ಒಂದು ಹೆಚ್ಚಿಗೆ. ಚಿಲಕ ಹಾಕುವುದು ನಾನು. ಹಾಕುವ ಮುನ್ನ ಒಮ್ಮೆ ಕೈ ಹಾಕಿ ನೋಡಬೇಕು ಅನ್ನಿಸುತ್ತದೆ, ಧೈರ್ಯ ಬರುವುದಿಲ್ಲ. ಇದ್ದಷ್ಟೇ ಸಿಕ್ಕರೆ ನಾನೇನು ಮಾಡಲಿ?