ಹುಲ್ಲಿನ ಊಟ ಅಳೆಯುವಾಕೆ

ಹಗ್ಗದ ಒಂದು ತುದಿಯನ್ನು ಗೂಟಕ್ಕೆ ಸುತ್ತಿ, ಇನ್ನೊಂದು ತುದಿ ಹಿಡಿದು ಆಕೆ ಇಬ್ಬನಿಯ ಹುಲ್ಲಿನ ಮೇಲೆ ಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದಾರೆ. ಆಗಷ್ಟೇ ಬೆಳಕು ಹರಿದಿದೆ. ಹಗ್ಗದಲ್ಲಿ ಮೀಟರಿಗೊಂದು ಗಂಟು. ಉದ್ದ ಮೂವತ್ತಾರು, ಅಗಲ ಇಪ್ಪತ್ತೈದು. ಗುಣಿಸಿದರೆ ಒಂಬೈನೂರು ಚದರ ಮೀಟರ್. ಹೂವಿನ ಪಾತಿಗೆ, ಜಲ್ಲಿಯ ದಾರಿಗೆಂದು ನೂರು ಕಳೆಯುತ್ತಾರೆ. "ಜಲ್ಲಿಗೆ ಉಣ್ಸಿದ್ರೆ ಅದೇನು ಚಿಗುರುತ್ತಾ?" ಎಂದು ತಲೆಯೆತ್ತದೆ ಕೇಳುತ್ತಾರೆ.

ಇದು ಕಾಲು ಕಳೆದುಕೊಂಡವರಿಗೆ ಮತ್ತೆ ನಡೆಯಲು ಕಲಿಸುವ ಆಸ್ಪತ್ರೆ. ಒಳಗೆ ಕಂಬಿ ಹಿಡಿದು ನಡೆದವರು ಕೊನೆಯ ವಾರಗಳಲ್ಲಿ ಈ ಹುಲ್ಲಿಗೆ ಇಳಿಯುತ್ತಾರೆ, ದಿನಕ್ಕೆ ಮೂವತ್ತು ಮಂದಿ. ಬಿದ್ದರೆ ಮಂಡಿ ಒಡೆಯುವುದಿಲ್ಲ. ಹನ್ನೊಂದು ವರ್ಷದಿಂದ ದಿನಗೂಲಿಯ ಮೇಲೆ ಇದನ್ನು ನೋಡಿಕೊಳ್ಳುತ್ತಿರುವ ಆಕೆಯನ್ನು ರೋಗಿಗಳು 'ಹುಲ್ಲಮ್ಮ' ಎನ್ನುತ್ತಾರೆ. ದಿನಕ್ಕೆ ಎರಡು ಗಂಟೆ ನೀರು, ವಾರಕ್ಕೊಮ್ಮೆ ಕತ್ತರಿ, ಎತ್ತರ ಮೂರು ಬೆರಳು.

ಗೊಬ್ಬರದ ಲೆಕ್ಕ ಸುಲಭ ಎನ್ನುತ್ತಾರೆ ಆಕೆ. ಚದರ ಮೀಟರಿಗೆ ನಾಲ್ಕು ಗ್ರಾಂ ಸಾರಜನಕ; ಎಂಟುನೂರಕ್ಕೆ ಮೂರು ಕಿಲೋ ಇನ್ನೂರು ಗ್ರಾಂ. ಆದರೆ ಚೀಲದಲ್ಲಿರುವುದೆಲ್ಲ ಸಾರಜನಕವಲ್ಲ. ಹಳೆಯ ಚೀಲದ ಮೇಲೆ ಇಪ್ಪತ್ತು ಎಂದಿರುತ್ತಿತ್ತು, ಅಂದರೆ ನೂರು ಕಿಲೋದಲ್ಲಿ ಇಪ್ಪತ್ತು. ಹಾಗಾಗಿ ಹದಿನಾರು ಕಿಲೋ ಎರಚಬೇಕಿತ್ತು. ಕಳೆದ ಬೇಸಿಗೆಯಲ್ಲಿ ಬಂದ ಚೀಲದ ಮೇಲೆ ನಲವತ್ತಾರು ಎಂದಿತ್ತು. ಏಳು ಕಿಲೋ ಸಾಕಿತ್ತು.

"ಚೀಲದ ಬಣ್ಣ ಬದಲಾಗಿದೆ ಅಂದ್ಕೊಂಡೆ, ನಂಬರ್ ಕಡೆ ಕಣ್ಣು ಹೋಗ್ಲಿಲ್ಲ. ಕೈಗೆ ರೂಢಿ ನೋಡಿ, ಹದಿನಾರೇ ಎರಚ್ದೆ."

ವಾರದೊಳಗೆ ಹುಲ್ಲು ಪಟ್ಟೆಪಟ್ಟೆಯಾಗಿ ಸುಟ್ಟಿತು. ಬೇಕರಿಯಲ್ಲಿ ಹಿಟ್ಟು ಕಲಸುವ ಗಂಡ ಖಾಲಿ ಚೀಲ ಓದಿ ತಪ್ಪು ಹಿಡಿದರು. "ನನ್ನ ಹಿಟ್ಟಿಗೂ ನಿನ್ನ ಹುಲ್ಲಿಗೂ ಒಂದೇ ಲೆಕ್ಕ ಕಣೇ. ಜಾಸ್ತಿ ಆದ್ರೆ ಎರಡೂ ಕೆಡ್ತವೆ" ಎಂದು ಶೇಕಡಾ ಲೆಕ್ಕವನ್ನು ಅಡುಗೆಮನೆಯ ನೆಲದ ಮೇಲೇ ಬರೆದು ತೋರಿಸಿದರು.

ಆಫೀಸಿನವರು ಮಾತ್ರ ಗಾಲಿಕುರ್ಚಿ, ಊರುಗೋಲುಗಳಿಂದ ಹುಲ್ಲು ಸತ್ತಿತೆಂದು ತೀರ್ಮಾನಿಸಿದರು. "ನಾನು ಹೌದು ಅನ್ಲಿಲ್ಲ, ಅಲ್ಲ ಅಂತಾನೂ ಅನ್ಲಿಲ್ಲ." ಹಾಗಾಗಿ ಬರುವ ಸೋಮವಾರ ಇಲ್ಲಿ ಸಿಮೆಂಟ್ ಹಾಕುತ್ತಾರೆ. ಇದೇ ತಿಂಗಳು ಖಾಯಂ ಆಗುವವರ ಪಟ್ಟಿಯಲ್ಲಿ ಆಕೆಯ ಹೆಸರಿದೆ. ನಿಜ ಹೇಳಿ ಆಡಳಿತ ಮಂಡಳಿಗೆ ಬರೆದ ಪತ್ರ ಐದು ವಾರದಿಂದ ಬಟ್ಟೆಚೀಲದಲ್ಲಿ ಮಡಚಿಕೊಂಡು ಕೂತಿದೆ. ಅಷ್ಟರಲ್ಲಿ ಮುಕ್ಕಾಲು ಭಾಗ ಹುಲ್ಲು ಮತ್ತೆ ಹಸಿರಾಗಿದೆ.

ಏಳೂವರೆಗೆ, ಮೂವತ್ತು ವರ್ಷ ಬಸ್ ಓಡಿಸಿದ ಡ್ರೈವರ್ ಒಬ್ಬರು ಹೊಸ ಕಾಲು ಹಾಕಿಕೊಂಡು ಬರುತ್ತಾರೆ.

"ಏನು ಹುಲ್ಲಮ್ಮ, ಸಿಮೆಂಟ್ ಹಾಕಿದ್ಮೇಲೆ ನಾನೆಲ್ಲಿ ಬೀಳ್ಲಿ?"

"ಬೀಳದೇ ಇರೋದು ಕಲೀರಿ."

"ಕಲಿಯೋಣ ಅಂದ್ರೆ ಈ ಕಾಲಿಗೆ ಬ್ರೇಕೇ ಇಟ್ಟಿಲ್ಲ."

ಹತ್ತು ಹೆಜ್ಜೆಗೆ ಬೀಳುತ್ತಾರೆ, ನಗುತ್ತಾರೆ. ಎದ್ದು ಕೂತು, ಬೋಳಾಗಿ ಉಳಿದ ಜಾಗವನ್ನು ಅಂಗೈಯಿಂದ ಸವರುತ್ತಾರೆ. "ನಮ್ಮ ಕೋಲು ಕುಟ್ಟೀ ಕುಟ್ಟೀ ಸತ್ತೋಯ್ತಂತಲ್ಲ. ನಮ್ಮ ಮೇಲೆ ಬೇಜಾರು ಮಾಡ್ಕೋಬೇಡಿ ತಾಯಿ."

ಆಕೆ ಹಗ್ಗ ಸುತ್ತುವುದನ್ನು ನಿಲ್ಲಿಸುತ್ತಾರೆ. "ನಿಮ್ಮಿಂದ ಅಲ್ಲಣ್ಣ. ಗೊಬ್ಬರ ಜಾಸ್ತಿ ಹಾಕಿದ್ದು ನಾನು."

ಡ್ರೈವರ್ ಕೈ ಚಾಚುತ್ತಾರೆ. "ಹಂಗಾದ್ರೆ ಎತ್ತಿ ನಿಲ್ಸಿ. ಇನ್ನೆರಡು ಸುತ್ತು ಬಾಕಿ."

ಅವರ ಸುತ್ತು ಮುಗಿದ ಮೇಲೆ ಆಕೆ ಕೈತೊಳೆದು ಸ್ವಾಗತ ಕೊಠಡಿಗೆ ಹೋಗುತ್ತಾರೆ. ಮಂಡಳಿಗೆ ಹೋಗುವ ಟಪಾಲು ಒಂಬತ್ತಕ್ಕೆ ಹೊರಡುತ್ತದೆ. ಪತ್ರ ಬಿಡಿಸಿ, ಪೆನ್ನು ಕೇಳಿ, ಕೊನೆಯಲ್ಲಿ ಒಂದು ಸಾಲು ಸೇರಿಸುತ್ತಾರೆ: 'ಈ ಸಲ ಏಳು ಕಿಲೋ ಸಾಕು, ಬೇಕಿದ್ದರೆ ಯಾರಿಂದಾದರೂ ಲೆಕ್ಕ ನೋಡಿಸಿ.' ಲಕೋಟೆ ಅಂಟಿಸಿ ಟಪಾಲಿನ ಚೀಲಕ್ಕೆ ಹಾಕುತ್ತಾರೆ.